ಅಮೆರಿಕದಲ್ಲಿ ಬಳಸಿದ ಮನೆಸಾಮಾನು ದಾನ: ತೆರಿಗೆ ಕಡಿತ ಪಡೆಯುವ ಕ್ರಮ

ಅಮೆರಿಕದಲ್ಲಿರುವ ಕನ್ನಡಿಗರು ಬಳಸಿದ ಬಟ್ಟೆ, ಪೀಠೋಪಕರಣಗಳನ್ನು ದಾನ ಮಾಡಿ ತೆರಿಗೆ ಕಡಿತ (ತೆರಿಗೆಗೆ ಒಳಪಡುವ ಆದಾಯದಲ್ಲಿ ಇಳಿಕೆ) ಪಡೆಯಬೇಕಾದರೆ, ಸ್ಟ್ಯಾಂಡರ್ಡ್ ಡಿಡಕ್ಷನ್ (ಲೆಕ್ಕ ತೋರಿಸದೆಯೇ ಸಿಗುವ ನಿಗದಿತ ಮೊತ್ತದ ಕಡಿತ) ಬಿಟ್ಟು ಶೆಡ್ಯೂಲ್ ಎ ನಮೂನೆಯಲ್ಲಿ ಕಡಿತಗಳನ್ನು ಬಿಡಿಬಿಡಿಯಾಗಿ ತೋರಿಸಬೇಕಾಗುವುದರಿಂದ, ಯಾವುದು ಲಾಭದಾಯಕವೆಂದು ಮೊದಲೇ ಲೆಕ್ಕ ಹಾಕಿ ನೋಡಿರಿ. ವಸ್ತುಗಳು ಸುಸ್ಥಿತಿಯಲ್ಲಿರಬೇಕು, ಸಂಸ್ಥೆಗೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಮಾನ್ಯತೆ ಇರಬೇಕು. ಭಾರತದ ಸಂಸ್ಥೆಗೆ ನೇರವಾಗಿ ಕೊಟ್ಟದ್ದಕ್ಕೆ ಈ ಕಡಿತ ದೊರೆಯದು.

ಬೆಲೆ ನಿಗದಿಯಲ್ಲಿ ವಿಶೇಷ ಎಚ್ಚರ ಬೇಕು: ನೀವು ಕೊಂಡಾಗಿನ ಬೆಲೆಯನ್ನಲ್ಲ, ಅಂಥದೇ ಹಳೆಯ ವಸ್ತು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಈಗ ಮಾರಾಟವಾಗುವ ಬೆಲೆಯನ್ನು ಬರೆಯಬೇಕು. ಕೊಡುವ ಮುನ್ನವೇ ಪಟ್ಟಿ ಮಾಡಿ ಫೋಟೊ ತೆಗೆದಿಟ್ಟುಕೊಳ್ಳುವುದು ಅತ್ಯಗತ್ಯವೆಂದು ನನ್ನ ದೃಢ ಅಭಿಪ್ರಾಯ. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ದಾನವಾದರೆ, ರಿಟರ್ನ್ ಸಲ್ಲಿಸುವುದಕ್ಕೆ ಮೊದಲು ಸಂಸ್ಥೆಯಿಂದ ಲಿಖಿತ ಸ್ವೀಕೃತಿ ಪತ್ರ ಪಡೆಯಿರಿ. ವಸ್ತುದಾನದ ಒಟ್ಟು ಕಡಿತವು 500 ಡಾಲರ್ ಮೀರಿದರೆ 8283ನೇ ನಮೂನೆಯನ್ನೂ ಲಗತ್ತಿಸಿರಿ.