ನೆಲದ ಕೆಳಗೆ ನೀರಿನ ಪೈಪ್ ಲೀಕ್ ಆಗ್ತಿದ್ರೆ ಟೈಲ್ಸ್ ಒಡೆಯೋಕೆ ಮುಂಚೆ ಇದನ್ನ ಓದಿ

ಟೈಲ್ಸ್ ಸಂದಿಯಿಂದ ನೀರು ಒಸರ್ತಿದೆ, ಸ್ಕರ್ಟಿಂಗ್ ಮೇಲೆ ಪೇಂಟ್ ಉಬ್ಬಿ ಬಿಳಿ ಉಪ್ಪು ಎದ್ದಿದೆ, ರಾತ್ರಿ ಟ್ಯಾಂಕ್ ತುಂಬಿಸಿ ಮಲಗಿದ್ರೆ ಬೆಳಗ್ಗೆ ಅರ್ಧ ಖಾಲಿ. ಇಷ್ಟು ಕಂಡ್ರೆ ನೆಲದ ಕೆಳಗಿನ ಪೈಪ್ ಮೇಲೆ ಅನುಮಾನ ಬರೋದು ಸರಿನೇ. ನಮ್ಮ ಕಡೆ ಮನೆಗಳಲ್ಲಿ ಪಾಯದ ಒಳಗೆ ಮಣ್ಣು ತುಂಬಿ, ಮೇಲೆ ಬೆಡ್ ಕಾಂಕ್ರೀಟ್ ಹಾಕಿ, ಅದರ ಮೇಲೆ ಟೈಲ್ಸೋ ಗ್ರಾನೈಟೋ ಕೂರಿಸಿರ್ತಾರೆ, ಪೈಪ್ ಇವುಗಳ ಮಧ್ಯೆ ಎಲ್ಲೋ ಹೋಗಿರುತ್ತೆ. ಪ್ಲಂಬರ್ ಬಂದವ್ರು ಒದ್ದೆ ಇರೋ ಜಾಗದಲ್ಲೇ ಉಳಿ ಇಡ್ತಾರೆ, ಆದ್ರೆ ನೀರು ಇಳಿಜಾರು ನೋಡ್ಕೊಂಡು ಹರಿಯುತ್ತೆ, ಬಚ್ಚಲ ಹತ್ರ ಲೀಕ್ ಆಗಿ ದೇವರ ಮನೆ ಮುಂದೆ ಒದ್ದೆ ಕಾಣಬಹುದು. ಅದಕ್ಕೇ ಯಾವ ಲೈನು ಅಂತ ಖಾತ್ರಿ ಆಗೋವರೆಗೆ ಒಂದು ಟೈಲೂ ಮುಟ್ಟೋಕೆ ಬಿಡಬೇಡಿ.

ಹುಡುಕೋದು ಹೆಂಗೆ ಅಂದ್ರೆ, ಮೊದಲು ಫ್ಲಶ್ ಟ್ಯಾಂಕ್ ನೋಡಿ. ಒಳಗಿನ ವಾಷರ್ ಹೋಗಿದ್ರೆ ಸದ್ದೇ ಇಲ್ಲದೆ ಕಮೋಡ್ ಒಳಗೆ ನೀರು ಇಳೀತಾನೇ ಇರುತ್ತೆ, ಟ್ಯಾಂಕ್ ಖಾಲಿ ಆಗೋಕೆ ಎಷ್ಟೋ ಸಲ ಇದೇ ಕಾರಣ. ಗೋಡೆ ಹತ್ರ ಇರೋ ಆಂಗಲ್ ವಾಲ್ (ನೀರು ನಿಲ್ಲಿಸೋ ಸಣ್ಣ ವಾಲ್) ಎಲ್ಲ ತಿರುಗಿಸಿ ಬಂದ್ ಮಾಡಿ. ಆಮೇಲೆ ಟೆರೇಸ್‌ಗೆ ಹೋಗಿ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯೋ ಲೈನುಗಳ ಗೇಟ್ ವಾಲ್ ಎಲ್ಲ ಮುಚ್ಚಿ, ಒಂದು ಕೋಲು ಇಳಿಬಿಟ್ಟು ನೀರು ಎಲ್ಲಿವರೆಗೆ ಇದೆ ಅಂತ ಗುರುತು ಹಾಕೊಳ್ಳಿ. ಬೆಳಗ್ಗೆ ಅಷ್ಟೇ ಇದ್ರೆ ಟ್ಯಾಂಕ್ ಸರಿ ಇದೆ. ಮಾರನೇ ರಾತ್ರಿ ಒಂದೇ ಒಂದು ವಾಲ್ ತೆಗೆದು, ಮನೆಯ ನಲ್ಲಿ ಎಲ್ಲ ಬಂದ್ ಇಟ್ಟು ಮತ್ತೆ ಅಳೀರಿ, ಅಡುಗೆಮನೆ ಲೈನು, ಬಚ್ಚಲ ಲೈನು, ಸೋಲಾರ್ ಲೈನು ಹಿಂಗೆ ಒಂದೊಂದಾಗಿ. ಯಾವತ್ತು ನೀರು ಇಳೀತೋ ಆವತ್ತಿನ ಲೈನೇ ಕಳ್ಳ. ಪ್ರೆಶರ್ ಪಂಪ್ ಇರೋರಿಗೆ ಸುಲಭ, ನಲ್ಲಿ ಯಾವುದೂ ತೆಗೆಯದೆ ಪಂಪ್ ಆಗಾಗ ತಾನಾಗೇ ಸ್ಟಾರ್ಟ್ ಆಗ್ತಿದ್ರೆ ಎಲ್ಲೋ ನೀರು ಹೋಗ್ತಿದೆ ಅಂತಾನೇ ಅರ್ಥ.

ರಸ್ತೆಯಿಂದ ಸಂಪ್‌ಗೆ ಬರೋ ಲೈನು ಬೇರೆ. ಕಾವೇರಿ ನೀರು ಬಿಟ್ಟ ಹೊತ್ತಲ್ಲಿ ಸಂಪ್ ಬಾಯಿ ಹತ್ರ ಇರೋ ವಾಲ್ ಮುಚ್ಚಿ ಮೀಟರ್ ನೋಡಿ, ಒಳಗಿನ ಸಣ್ಣ ಚಕ್ರ ಆಗಲೂ ತಿರುಗ್ತಾ ಇದ್ರೆ ಮೀಟರಿಗೂ ಸಂಪಿಗೂ ನಡುವೆ, ಅಂದ್ರೆ ಕಾರ್ ನಿಲ್ಸೋ ಪೋರ್ಟಿಕೋ ಕೆಳಗೆ ಲೀಕ್ ಇದೆ. ಇದನ್ನ ಮುಂದೂಡಬೇಡಿ ದಯವಿಟ್ಟು. ನೀರು ಬಿಡದ ಹೊತ್ತಲ್ಲಿ ಪೈಪ್ ಖಾಲಿ ಇರುತ್ತೆ, ಆಗ ಅದೇ ತೂತಿಂದ ಮಣ್ಣಿನ ನೀರು, ಪಕ್ಕದಲ್ಲಿ ಯುಜಿಡಿ (ನೆಲದಡಿಯ ಚರಂಡಿ) ಲೈನ್ ಸೋರ್ತಿದ್ರೆ ಆ ಕೊಳಕೂ ಒಳಗೆ ಸೇರಿ ಸೀದಾ ಸಂಪ್‌ಗೆ ಬರುತ್ತೆ, ಮಕ್ಕಳು ಕುಡಿಯೋದು ಅದನ್ನೇ. ಲೀಕ್ ಮೀಟರಿನಿಂದ ಆಚೆ, ರಸ್ತೆ ಕಡೆ ಇದ್ರೆ ಬೆಂಗಳೂರಲ್ಲಿ ಜಲಮಂಡಳಿಯ 1916ಕ್ಕೆ ಕಂಪ್ಲೇಂಟ್ ಕೊಡಿ, ನೀವೇ ಅಗೆಯೋಕೆ ಹೋಗಬೇಡಿ.

ಇನ್ನು ಧಾರವಾಡ, ಗದಗ, ವಿಜಯಪುರದ ಕಡೆ ಎರೆಮಣ್ಣಿನ ಮೇಲೆ ಮನೆ ಇರೋರು ಒಂದು ವಾರನೂ ಕಾಯಬಾರದು. ಆ ಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ, ಪೈಪ್ ಸೋರಿ ಒಂದು ಮೂಲೆ ಮಾತ್ರ ನೆನೆದ್ರೆ ನೆಲ ಎದ್ದು ಗೋಡೆ ಸೀಳುತ್ತೆ.

ಲೈನು ಗೊತ್ತಾದ ಮೇಲೆ ಜಾಗ ಹಿಡೀಬೇಕು. ರಾತ್ರಿ ಫ್ಯಾನು, ಫ್ರಿಜ್ಜು ಆಫ್ ಮಾಡಿ ಉದ್ದನೆ ಕಬ್ಬಿಣದ ಸಲಾಕೆಯ ಒಂದು ತುದಿ ನೆಲಕ್ಕೆ, ಇನ್ನೊಂದು ತುದಿ ಕಿವಿಗೆ ಇಟ್ಟು ಪೈಪ್ ಹೋಗಿರೋ ದಾರಿಯಲ್ಲಿ ಅಡಿ ಅಡಿಗೂ ಕೇಳ್ತಾ ಹೋಗಿ, ಲೀಕ್ ಹತ್ರ ಬಂದ ಹಾಗೆ ಸುಯ್ ಅನ್ನೋ ಸದ್ದು ಜಾಸ್ತಿ ಆಗುತ್ತೆ. ಬಿಸಿನೀರಿನ ಲೈನ್ ಆದ್ರೆ ಬರಿಗಾಲಲ್ಲಿ ಓಡಾಡಿ, ಒಂದು ಜಾಗ ಬೆಚ್ಚಗಿರುತ್ತೆ. ಸಿಗಲಿಲ್ಲ ಅಂದ್ರೆ ಲೀಕ್ ಹುಡುಕೋ ಮಷಿನ್ ಇಟ್ಕೊಂಡಿರೋರು ಊರುಗಳಲ್ಲಿ ಸಿಗ್ತಾರೆ, ಅವ್ರಿಗೆ ಕೊಡೋ ದುಡ್ಡು ಹಾಲ್ ಪೂರ್ತಿ ಟೈಲ್ಸ್ ಹಾಕ್ಸೋ ಖರ್ಚಿಗಿಂತ ಕಮ್ಮಿನೇ.

ಆದ್ರೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಆಗಿದ್ರೆ, ಅಥವಾ ಅದೇ ಲೈನಲ್ಲಿ ಇದು ಎರಡನೇ ಲೀಕ್ ಆಗಿದ್ರೆ, ನನ್ನ ಅಭಿಪ್ರಾಯದಲ್ಲಿ ನೆಲ ಒಡೀಲೇಬೇಡಿ. ತುಕ್ಕು ಹಿಡಿದ ಜಿಐ ಪೈಪಿಗೆ ಪಾನಾ ಹಾಕಿ ಒಂದು ಕಡೆ ತಿರುಗಿಸಿದ್ರೆ ಮುಂದಿನ ಜಾಯಿಂಟಲ್ಲಿ ಮುರಿಯುತ್ತೆ, ಹಂಗೇ ಅರ್ಧ ಮನೆ ಅಗೆಯೋ ಹಾಗಾಗುತ್ತೆ. ಆ ಲೈನನ್ನ ಎರಡೂ ತುದಿಯಲ್ಲಿ ಕತ್ತರಿಸಿ ಎಂಡ್ ಕ್ಯಾಪ್ ಹಾಕಿ ನೆಲದೊಳಗೇ ಬಿಟ್ಟುಬಿಡಿ, ಹೊಸ ಸಿಪಿವಿಸಿ (ಬಿಸಿನೀರೂ ತಡೆಯೋ ಪ್ಲಾಸ್ಟಿಕ್) ಪೈಪನ್ನ ಹೊರಗೋಡೆ ಮೇಲಿಂದ ಕ್ಲಾಂಪ್ ಹೊಡೆದು ತನ್ನಿ. ಬಿಸಿಲು ಬೀಳೋ ಕಡೆ ವಾಟರ್ ಬೇಸ್ಡ್ ಪೇಂಟ್ ಹೊಡೀರಿ. ನೋಡೋಕೆ ಸ್ವಲ್ಪ ಚೆಂದ ಇರಲ್ಲ, ಆದ್ರೆ ಮುಂದೆ ಲೀಕ್ ಆದ್ರೆ ಕಣ್ಣಿಗೆ ಕಾಣುತ್ತೆ.

ಒಡೆಯೋದೇ ಆದ್ರೆ ಮೊದಲು ಕರೆಂಟ್ ಮೇನ್ ಆಫ್ ಮಾಡಿಸಿ ನೆಲದೊಳಗೆ ಕರೆಂಟ್ ಪೈಪ್ ಹೋಗಿದ್ಯಾ ವಿಚಾರಿಸಿ. ಟೈಲ್ಸ್ ಕೊಯ್ಯೋ ಗ್ರೈಂಡರಿಗೆ ಬೇರೆ ಕಡೆಯಿಂದ, ಒದ್ದೆ ಇಲ್ಲದ ಜಾಗದಿಂದ ಕರೆಂಟ್ ಎಳ್ಕೊಳ್ಳಿ. ಟೈಲ್ಸ್ ಸಂದಿ ಉದ್ದಕ್ಕೂ ಡೈಮಂಡ್ ಬ್ಲೇಡಲ್ಲಿ ಗೀರಿ, ಆಮೇಲೆ ಉಳಿ ಇಟ್ಟು ಎಬ್ಬಿಸಿ, ಇಲ್ಲಾಂದ್ರೆ ಪಕ್ಕದ ಟೈಲೂ ಬಿರುಕು ಬಿಡುತ್ತೆ. ಮಾಸ್ಕ್, ಕನ್ನಡಕ ಕಡ್ಡಾಯ. ಕೆಳಗೆ ಕಬ್ಬಿಣ ಕಂಡ್ರೆ ನಿಲ್ಲಿಸಿ, ಅದು ಪ್ಲಿಂತ್ ಬೀಮ್ (ಪಾಯದ ಮೇಲೆ ಗೋಡೆ ಹೊರೋ ಕಾಂಕ್ರೀಟ್ ತೊಲೆ) ಇರಬಹುದು, ಅದನ್ನ ಕತ್ತರಿಸಬಾರದು. ಪೈಪ್ ಹತ್ರ ಬಂದಾಗ ಮಷಿನ್ ಬಿಟ್ಟು ಕೈಯಲ್ಲೇ ಕೆದಕಿ. ಲೀಕ್‌ನ ಎರಡೂ ಕಡೆ ಒಂದೂವರೆ ಅಡಿ ಆದ್ರೂ ಪೈಪ್ ಬಿಡಿಸಬೇಕು, ಯಾಕಂದ್ರೆ ಸಾದಾ ಕಪ್ಲರ್ (ಎರಡು ಪೈಪ್ ಜೋಡಿಸೋ ತುಂಡು) ಕೂರಿಸೋವಾಗ ಪೈಪನ್ನ ಸ್ವಲ್ಪ ಮೇಲಕ್ಕೆ ಬಗ್ಗಿಸಬೇಕಾಗುತ್ತೆ, ಇಕ್ಕಟ್ಟಿನ ಗುಂಡಿಯಲ್ಲಿ ಅದು ಆಗಲ್ಲ.

ಜಾಯಿಂಟ್ ಕೆಲಸ ಆತುರದಲ್ಲಿ ಮಾಡೋದಲ್ಲ. ಒಡೆದ ತುಂಡು ತೆಗೆದು ಎರಡು ಕಪ್ಲರ್, ಮಧ್ಯೆ ಹೊಸ ಪೈಪು. ಅಂಗಡಿಗೆ ಹೋಗೋವಾಗ ಹಳೇ ತುಂಡು ಕೈಯಲ್ಲಿರ್ಲಿ, ಮುಕ್ಕಾಲು ಇಂಚಿನ ಸಿಪಿವಿಸಿ ಹೊರಸುತ್ತು 22 ಮಿಲಿಮೀಟರ್ ಚಿಲ್ಲರೆ, ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪ್) ಮುಕ್ಕಾಲು ಇಂಚು ಅಂದ್ರೆ 26 ಚಿಲ್ಲರೆ, ಒಂದರ ಫಿಟಿಂಗ್ ಇನ್ನೊಂದಕ್ಕೆ ಕೂರಲ್ಲ. ಅಂಟಿಸೋ ಸಲ್ಯೂಷನ್ ಕೂಡ ಆಯಾ ಪೈಪಿಂದೇ ಬೇಕು. ಪೈಪ್ ನೇರವಾಗಿ ಕತ್ತರಿಸಿ, ಅಂಚಿನ ಸಿಪ್ಪೆ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ. ಗೇಟ್ ವಾಲ್ ಪೂರ್ತಿ ಹಿಡಿಯದೆ ಒಂದೊಂದೇ ಹನಿ ಬರ್ತಿದ್ರೂ ಆ ಜಾಯಿಂಟ್ ನಿಲ್ಲಲ್ಲ, ಟ್ಯಾಂಕೇ ಖಾಲಿ ಮಾಡಿ. ಪೈಪಿನ ಹೊರಗೆ ಧಾರಾಳವಾಗಿ, ಕಪ್ಲರ್ ಒಳಗೆ ತೆಳ್ಳಗೆ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸ್ತಾ ಒತ್ತಿ, ಅರ್ಧ ನಿಮಿಷ ಹಾಗೇ ಹಿಡ್ಕೊಳ್ಳಿ, ಬೇಗ ಬಿಟ್ರೆ ಹಿಂದಕ್ಕೆ ಜಾರುತ್ತೆ. ಒಂದು ದಿನ ನೀರು ಬಿಡಬೇಡಿ. ಯೂನಿಯನ್ (ತಿರುಗಿಸಿ ಬಿಚ್ಚೋಕಾಗೋ ಜಾಯಿಂಟ್) ಹಾಕಿದ್ರೆ ಸುಲಭ ಅಂತಾರೆ, ಆದ್ರೆ ಅದರ ರಬ್ಬರ್ ನೆಲದೊಳಗೆ ಹಾಳಾದ್ರೆ ಮತ್ತೆ ಒಡೀಬೇಕು, ಹೂಳೋ ಜಾಗಕ್ಕೆ ಅದು ಬೇಡ. ಎಂ-ಸೀಲ್ ಅನ್ನೋ ಅಂಟು ಮೆತ್ತೋದು ಆ ರಾತ್ರಿ ಕಳೆಯೋಕೆ ಅಷ್ಟೇ.

ನೀರು ಬಿಟ್ಟು ಗುಂಡಿ ತೆರೆದೇ ಇಟ್ಟು ಒಂದು ರಾತ್ರಿ ನೋಡಿ, ಜಾಯಿಂಟ್ ಸುತ್ತ ಟಿಶ್ಯೂ ಪೇಪರ್ ಸುತ್ತಿ ಇಟ್ರೆ ಒಂದು ಹನಿ ಬಂದ್ರೂ ಗೊತ್ತಾಗುತ್ತೆ. ಮುಚ್ಚೋವಾಗ ಪೈಪಿನ ಸುತ್ತ ಕಲ್ಲಿಲ್ಲದ ಮರಳು ಹಾಕಿ. ಬಿಸಿನೀರಿನ ಪೈಪಿಗೆ ಇದು ಬಹಳ ಮುಖ್ಯ, 10 ಮೀಟರ್ ಸಿಪಿವಿಸಿ 40 ಡಿಗ್ರಿ ಬಿಸಿ ಏರಿದ್ರೆ ಸುಮಾರು 25 ಮಿಲಿಮೀಟರ್ ಉದ್ದ ಆಗುತ್ತೆ, ಸಿಮೆಂಟಲ್ಲಿ ಬಿಗಿಯಾಗಿ ಕಚ್ಚಿಸಿದ್ರೆ ಎಲ್ಬೋ ಅನ್ನೋ ತಿರುವಿನ ಜಾಯಿಂಟ್ ಹತ್ರ ಒತ್ತಡ ಬಿದ್ದು ಸೀಳುತ್ತೆ, ಅದಕ್ಕೇ ದೊಡ್ಡ ಪೈಪೊಳಗೆ ತೂರಿಸಿ ಹಾಕೋದು ಒಳ್ಳೇದು. ಕೆಳಗಿನ ಮಣ್ಣು ಕೊಚ್ಚಿ ಹೋಗಿ ಟೊಳ್ಳಾಗಿದ್ರೆ ತುಂಬಿ ದಿಮ್ಮಸ್ಸು ಮಾಡಿ, ಆಮೇಲೆ ಕಾಂಕ್ರೀಟ್, ಒಂದು ವಾರ ಕ್ಯೂರಿಂಗ್. ಗುಂಡಿ ಮುಚ್ಚೋಕೆ ಮುಂಚೆ ಗೋಡೆಯಿಂದ ಟೇಪ್ ಹಿಡಿದು ಜಾಯಿಂಟ್ ಎಷ್ಟು ದೂರ ಇದೆ ಅಂತ ಕಾಣೋ ಹಾಗೆ ಫೋಟೋ ತೆಗೆದು ಮನೆಯವ್ರೆಲ್ಲರ ಫೋನಿಗೂ ಕಳಿಸಿಡಿ. ಗೋಡೆಯ ಒದ್ದೆ ಒಣಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಪೇಂಟಿಂಗ್ ಆಮೇಲೇ ಮಾಡಿಸಿ.