ಬಂಗುಡೆ ಇರಬೇಕಾದಲ್ಲಿ 18 ಚುಕ್ಕಿ

ಮಲ್ಪೆಯ ಕೆಲವು ಬೋಟಿನವರು ಯಾವ ತಿಂಗಳು ಯಾವ ಮೀನು ಎಷ್ಟು ಸಿಕ್ಕಿತು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಲೆಕ್ಕವನ್ನು ಗ್ರಾಫ್ ಮಾಡಿ ಅವರಿಗೇ ಕೊಡಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಲ್ಲರೂ ಊರಲ್ಲೇ ಸಿಗುವ ಸಮಯ ಅದು. ಅಷ್ಟರೊಳಗೆ ಗೋಡೆಗೆ ಅಂಟಿಸುವ ಗ್ರಾಫ್ ತಯಾರಾಗಬೇಕಿತ್ತು. ಹೆಸರೆಲ್ಲ ಕನ್ನಡದಲ್ಲೇ: ಬಂಗುಡೆ, ಬೂತಾಯಿ, ಅಂಜಲ್, ಕಾಣೆ.

ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಗ್ರಾಫ್ ಬಿಡಿಸುವ ಜಿಜಿಪ್ಲಾಟ್ ಪ್ಯಾಕೇಜ್ ಬಳಸಿ ಮಾಡಿದೆ. ಪರದೆಯ ಮೇಲೆ ಚಂದ ಕಾಣುತ್ತಿತ್ತು. ಪಿಡಿಎಫ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಉಡುಪಿಯ ಒಂದು ಪ್ರಿಂಟಿಂಗ್ ಅಂಗಡಿಗೆ ಹೋದೆ. ಫೈಲ್ ತೆರೆದ ಹುಡುಗ ಕೇಳಿದ, "ಇದೆಂತ ಮೇಡಂ, ಹೆಸರೇ ಇಲ್ವಲ್ಲ, ಬರೀ ಚುಕ್ಕಿ?"

ಮನೆಗೆ ಬಂದು ಆ ಚುಕ್ಕಿಗಳನ್ನು ಎಣಿಸಿದೆ. ಬಂಗುಡೆ ಇರಬೇಕಾದಲ್ಲಿ 18 ಇದ್ದವು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಬಂಗುಡೆ ಎಂದು ಬರೆಯಲು 6 ಸಂಕೇತ ಬೇಕು: ಬ, ಸೊನ್ನೆ, ಗ, ಕೊಂಬು, ಡ, ಎತ್ವ. ಆ ಸಂಕೇತಗಳನ್ನು ಫೈಲ್‌ನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಆರು ಮೂರಲ 18! ಅಂದರೆ ನನ್ನ ಡೇಟಾ ಸರಿಯಾಗಿಯೇ ಇತ್ತು. ಆರ್‌ನ ಮಾಮೂಲಿ ಪಿಡಿಎಫ್ ಡಿವೈಸ್ (ಚಿತ್ರವನ್ನು ಪಿಡಿಎಫ್ ಆಗಿ ಬರೆಯುವ ಭಾಗ) ಹಳೆಯ ಕಾಲದ ಪದ್ಧತಿಯದು, ಒಂದು ಅಕ್ಷರಕ್ಕೆ ಒಂದೇ ಬೈಟ್ ಎಂದುಕೊಂಡು ಕೆಲಸ ಮಾಡುತ್ತದೆ. ಗುರುತು ಸಿಗದ ಪ್ರತಿ ಬೈಟಿಗೂ ನನ್ನ ಹಳೆಯ ಆರ್ ಒಂದೊಂದು ಚುಕ್ಕಿ ಇಟ್ಟಿತ್ತು. ಹಾಗಂತ ಕನ್ಸೋಲ್‌ನಲ್ಲಿ ಎಚ್ಚರಿಕೆಯೂ ಬಂದಿತ್ತು, ನಾನು ಓದಿರಲಿಲ್ಲ. ₹ ಚಿಹ್ನೆಗೂ ಇದೇ ಗತಿ. ಅದು ಯೂನಿಕೋಡ್‌ಗೆ ಸೇರಿದ್ದೇ 2010ರಲ್ಲಿ.

ಮೊದಲು ಶೋಟೆಕ್ಸ್ಟ್ ಎಂಬ ಪ್ಯಾಕೇಜ್ ಹಾಕಿ ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟೆ. ಚುಕ್ಕಿ ಹೋಯಿತು, ಅಕ್ಷರ ಬಂತು. ಖುಷಿಯಾಗಿ ದೊಡ್ಡದು ಮಾಡಿ ನೋಡಿದರೆ ಬಂಗುಡೆಯ ಡ ತನ್ನ ತಲೆಕಟ್ಟು ಬಿಟ್ಟಿಲ್ಲ, ಎತ್ವ ಅದರ ಪಕ್ಕದಲ್ಲಿ ಬೇರೆಯೇ ನಿಂತಿದೆ. ಮೇಲೆ ಶೀರ್ಷಿಕೆಯಲ್ಲಿದ್ದ "ಮತ್ಸ್ಯ" ಪದದಲ್ಲಿ ಒತ್ತುಗಳೇ ಇಲ್ಲ. ತ, ಸ, ಯ ಮೂರೂ ಸಾಲಾಗಿ ನಿಂತು ನಡುವೆ ಬಿಡಿ ಗುರುತುಗಳು. ಕನ್ನಡ ಓದಲು ಬಾರದವರಿಗೆ ಇದು ಸರಿಯಾಗಿದೆ ಅಂತಲೇ ಅನಿಸಬಹುದು. ನಮಗೆ ಹಾಗಲ್ಲ ಅಲ್ವಾ? ಒತ್ತು ತಪ್ಪಿದ ಹೆಸರನ್ನು ಬೋಟಿನವರ ಗೋಡೆಗೆ ಅಂಟಿಸಲು ನನಗೆ ಮನಸ್ಸು ಒಪ್ಪಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ ಎಂದು ಆಗ ಗೊತ್ತಾಯಿತು. ಚುಕ್ಕಿ ಅಥವಾ ಖಾಲಿ ಚೌಕ ಬಂದರೆ ಅಕ್ಷರವೇ ಸಿಕ್ಕಿಲ್ಲ: ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್ ಆಗಿ ಬರೆಯುವ ಪದ್ಧತಿ) ನೋಡಬೇಕು, ಫಾಂಟ್ ನೋಡಬೇಕು. ಅಕ್ಷರ ಬಂದು ಒತ್ತು ಮುರಿದಿದ್ದರೆ ಫಾಂಟ್ ಬದಲಿಸಿ ಸುಮ್ನೆ ಸಮಯ ಹಾಳು. ನಾನು ಒಂದಾದ ಮೇಲೊಂದು ಮೂರು ಫಾಂಟ್ ಹಾಕಿ ನೋಡಿದ್ದೆ, ಏನೂ ಬದಲಾಗಲಿಲ್ಲ. ಯಾಕೆಂದರೆ ಯಾವ ಅಕ್ಷರದ ಜೊತೆ ಯಾವುದು ಕೂಡಿ ಯಾವ ರೂಪ ಆಗಬೇಕು ಎನ್ನುವ ನಿಯಮ ಫಾಂಟ್‌ನೊಳಗೆ ಇದ್ದೇ ಇರುತ್ತದೆ. ಅದನ್ನು ಓದಿ ಜೋಡಿಸುವ ತಂತ್ರಾಂಶ ಬೇಕು. ಹಾರ್ಫ್‌ಬಝ್ ಮಾಡುವುದು ಆ ಕೆಲಸ. ಶೋಟೆಕ್ಸ್ಟ್‌ನಲ್ಲಿ ಆ ಹಂತವೇ ಇಲ್ಲ. ₹ ಅಥವಾ ಡಿಗ್ರಿ ಚಿಹ್ನೆಗಷ್ಟೇ ಬೇಕಿದ್ದರೆ ಅದು ಸಾಕು, ಕನ್ನಡಕ್ಕೆ ಸಾಲದು.

ಕೊನೆಗೆ ಕೆಲಸ ಆಗಿದ್ದು ಹೀಗೆ. ಗ್ರಾಫ್ ಉಳಿಸುವ ಜಿಜಿಸೇವ್ ಆದೇಶದಲ್ಲಿ ಡಿವೈಸ್ ಎನ್ನುವಲ್ಲಿ ಮಾಮೂಲಿ ಪಿಡಿಎಫ್ ಬಿಟ್ಟು ಕೈರೋ ಪಿಡಿಎಫ್ ಕೊಟ್ಟೆ. ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಇದೆ. ಅದರಲ್ಲಿ ಚಿತ್ರ ಬಿಡಿಸುವ ಕೈರೋ ಜೊತೆ ಬರಹ ಜೋಡಿಸುವ ಪ್ಯಾಂಗೊ ಇರುತ್ತದೆ, ಪ್ಯಾಂಗೊ ಹಾರ್ಫ್‌ಬಝ್ ಅನ್ನು ಬಳಸುತ್ತದೆ. ಮತ್ಸ್ಯ ಮತ್ಸ್ಯವಾಗಿಯೇ ಬಂತು! ಗೆಳತಿಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೇ ಸಾಲಿಗೆ ಮತ್ತೆ ಒತ್ತು ಮುರಿಯಿತು. ಅಲ್ಲಿ ಪ್ಯಾಂಗೊ ಇರಲಿಲ್ಲ. ಜಿಆರ್‌ಸಾಫ್ಟ್‌ವರ್ಷನ್ ಎಂಬ ಆದೇಶ ಕೊಟ್ಟರೆ ಇದೆಯೋ ಇಲ್ಲವೋ ತಿಳಿಯುತ್ತದೆ. ಅವಳಿಗೆ ರಾಗ್ ಪ್ಯಾಕೇಜ್‌ನ ಪಿಎನ್‌ಜಿ ಡಿವೈಸ್ ಹಾಕಿಕೊಟ್ಟೆ. ಅದು ಅಕ್ಷರ ಜೋಡಿಸುವ ವ್ಯವಸ್ಥೆಯನ್ನು ತಾನೇ ತರುತ್ತದೆ, ಅದೇ ಫಾಂಟ್ ಇದ್ದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಬರುತ್ತದೆ. ಪಿಎನ್‌ಜಿ ಪಿಕ್ಸೆಲ್‌ಗಳ ಚಿತ್ರ, ಹಾಗಾಗಿ ಅಳತೆಯನ್ನೂ ನೋಡಬೇಕು: ಎ3 ಕಾಗದಕ್ಕೆ 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದರೆ ಸುಮಾರು 4960 × 3508 ಪಿಕ್ಸೆಲ್. ಪಿಕ್ಸೆಲ್ ಮಾತ್ರ ಹೆಚ್ಚಿಸಿ ರೆಸೊಲ್ಯೂಷನ್ 72ರಲ್ಲೇ ಬಿಟ್ಟರೆ ಅಕ್ಷರ ಇರುವೆಯಷ್ಟಾಗುತ್ತದೆ, ಅದನ್ನೂ 300 ಮಾಡಬೇಕು.

ಇನ್ನೊಂದು ವಿಷಯ ನನ್ನ ಅರ್ಧ ದಿನ ತಿಂದಿತು. ಗ್ರಾಫ್‌ನ ಒಟ್ಟು ನೋಟ ಹೇಳುವ ಥೀಮ್‌ನಲ್ಲಿ ಫಾಂಟ್ ಕೊಟ್ಟಿದ್ದೆ, ಆದರೂ ಕಂಬಗಳ ಮೇಲಿನ ಬರಹ ಬೇರೆಯೇ ಫಾಂಟ್‌ನಲ್ಲಿ ಬರುತ್ತಿತ್ತು. ಥೀಮ್‌ನ ಫಾಂಟ್ ಶೀರ್ಷಿಕೆ, ಅಕ್ಷಗಳಂಥ ಬರಹಕ್ಕೆ ಮಾತ್ರ ಹೋಗಿತ್ತು. ಕಂಬಗಳ ಮೇಲೆ ಬರೆಯುವ ಜಿಯೋಮ್ ಟೆಕ್ಸ್ಟ್ ಆದೇಶಕ್ಕೆ ಫ್ಯಾಮಿಲಿ ಎಂದು ಫಾಂಟ್‌ನ ಹೆಸರನ್ನು ಬೇರೆಯೇ ಹೇಳಬೇಕಾಯಿತು.

ಆರ್ ಬದಲು ಪೈಥಾನ್ ಭಾಷೆ ಬಳಸುವವರಿಗೆ, ಅದರ ಗ್ರಾಫ್ ಪ್ಯಾಕೇಜ್ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮೊದಲು ಕಾಣುವುದು ಚೌಕಗಳು. ಅದರ ಮಾಮೂಲಿ ಫಾಂಟ್ ಡೇಜಾವು ಸಾನ್ಸ್, ಅದರಲ್ಲಿ ಕನ್ನಡ ಇಲ್ಲ. ಫಾಂಟ್ ಹಾಕಿದ ಮೇಲೂ ಒತ್ತು ಮುರಿದರೆ ಎಸ್‌ವಿಜಿ ಎಂಬ ಬಗೆಯ ಚಿತ್ರದ ಫೈಲ್ ಆಗಿ ಉಳಿಸಿ. ಆದರೆ ಎಸ್‌ವಿಜಿ ಫಾಂಟ್‌ಟೈಪ್ ಎಂಬ ಸೆಟ್ಟಿಂಗ್ ಅನ್ನು 'ನನ್' (none) ಮಾಡಬೇಕು, ಆಗ ಬರಹ ಬರಹವಾಗಿಯೇ ಉಳಿಯುತ್ತದೆ. ಅದನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದು ಪಿಡಿಎಫ್ ಮಾಡಿದರೆ ಒತ್ತುಗಳು ಸರಿಯಾಗಿ ಕೂಡುತ್ತವೆ.

ಈಗ ಯಾವ ಗ್ರಾಫ್ ಮಾಡುವ ಮೊದಲೂ ಒಂದು ಖಾಲಿ ಚಿತ್ರದಲ್ಲಿ "ಮತ್ಸ್ಯ, ಮಾರ್ಚ್, ಅಕ್ಟೋಬರ್, ₹" ಎಂದು ಬರೆದು ಪಿಡಿಎಫ್ ಮಾಡಿ ನೋಡುತ್ತೇನೆ. ಮೂರು ವ್ಯಂಜನದ ಒತ್ತು, ಅರ್ಕಾವತ್ತು, ದೀರ್ಘ, ಚಿಹ್ನೆ ಎಲ್ಲ ಅದರಲ್ಲೇ ಬಂತು. ಆಮೇಲೆ ಪಿಡಿಎಫ್‌ಫಾಂಟ್ಸ್ ಎಂಬ ಸಣ್ಣ ಆದೇಶ ಓಡಿಸಿ, ಫಾಂಟ್ ಫೈಲ್‌ನೊಳಗೇ ಸೇರಿದೆಯಾ ಎಂದು ನೋಡುತ್ತೇನೆ. ಸೇರಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ.

ಜುಲೈ ಮುಗಿಯುವ ಮೊದಲೇ ಅದೇ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಹುಡುಗ ಪರದೆಗೆ ಮುಖ ತಂದು, "ಬಂಗುಡೆ, ಬೂತಾಯಿ..." ಎಂದು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದ. ಆಮೇಲೆಯೇ ಪ್ರಿಂಟ್ ಒತ್ತಿದ.