ಮಾರಿದ ಸೀರೆ ವಾಪಸ್ ಬಂದಾಗ: ಆನ್‌ಲೈನ್ ಮಾರಾಟಗಾರರು ಮಾಡಬೇಕಾದ್ದು

ರಿಟರ್ನ್ ಪಾರ್ಸೆಲ್ಲಿಗೆ ಕತ್ತರಿ ಹಾಕುವ ಮೊದಲು ಅದು ಯಾವ ಬಗೆಯದೆಂದು ಸೆಲ್ಲರ್ ಪ್ಯಾನೆಲ್‌ನಲ್ಲಿ ನೋಡಿಕೊಳ್ಳಿ. ಗಿರಾಕಿಯ ಕೈ ಸೇರದೆ ತಿರುಗಿ ಬಂದದ್ದು ಆರ್‌ಟಿಒ (ರಿಟರ್ನ್ ಟು ಒರಿಜಿನ್), ಬಿಚ್ಚಿ ನೋಡಿ ಕಳಿಸಿದ್ದು ಕಸ್ಟಮರ್ ರಿಟರ್ನ್. ಆರ್‌ಟಿಒದಲ್ಲಿ ನೀವು ಹಚ್ಚಿದ ಟೇಪು ಹಾಗೇ ಇರಬೇಕು. ಅದರ ಮೇಲೆ ಇನ್ನೊಂದು ಟೇಪು ಕಂಡರೆ ಕೊರಿಯರ್ ಹುಡುಗ ನಿಂತಿರುವಾಗಲೇ ಫೋಟೋ ತೆಗೆಯಿರಿ.

ಕಸ್ಟಮರ್ ರಿಟರ್ನ್‌ಗೆ ಸಾಕ್ಷಿ ಸಿದ್ಧವಾಗಬೇಕಾದ್ದು ಸರಕು ಕಳಿಸುವ ದಿನ. ಇಳಕಲ್ ಸೀರೆಯಾದರೆ, ಸೆರಗಿನ ಕೊನೆಯ ಕುಚ್ಚಿಗೆ ನಂಬರ್ ಇರುವ ಲಾಕ್ ಟ್ಯಾಗ್ (ಕತ್ತರಿಸದೆ ಬಿಚ್ಚಲು ಬಾರದ ಚೀಟಿ) ಕಟ್ಟಿ. ಬಟ್ಟೆಗೇ ಚುಚ್ಚಬೇಡಿ, ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಆ ನಂಬರನ್ನೂ ಪ್ಯಾಕ್ ಮಾಡಿದ ಮೇಲಿನ ತೂಕವನ್ನೂ, ಗ್ರಾಂ ಲೆಕ್ಕದಲ್ಲಿ, ಬಿಲ್ಲಿನ ನಿಮ್ಮ ಪ್ರತಿಯ ಮೇಲೆ ಬರೆದಿಡಿ.

ವಾಪಸ್ ಬಂದಾಗ ವಿಡಿಯೋ ಎಲ್ಲೂ ಕಟ್ ಆಗಬಾರದು. ಮೊದಲು ಲೇಬಲ್ಲು, ಆಮೇಲೆ ಆರೂ ಬದಿ, ತಕ್ಕಡಿಯ ಮೇಲಿನ ತೂಕ, ಆಮೇಲೆ ಕತ್ತರಿ. ಟ್ಯಾಗ್ ನಂಬರ್ ತೋರಿಸಿ, ಸೀರೆಯನ್ನು ಪೂರ್ತಿ ಹರಡಿ. ಹೆಗಲ ಮೇಲೆ ಬರುವ ಜಾಗದಲ್ಲಿ ಪಿನ್ ತೂತು, ನೆರಿಗೆಯ ಕೆಳ ಅಂಚಿನಲ್ಲಿ ಮಣ್ಣು, ಅರಿಶಿನದ ಕಲೆ, ಸೆಂಟಿನ ವಾಸನೆ: ಉಟ್ಟ ಸೀರೆ ಸಿಕ್ಕಿಬೀಳುವುದು ಇವುಗಳಲ್ಲೇ. ಪಾರ್ಸೆಲ್ ಬಿಚ್ಚಿದ ಮೇಲೆ ವಿಡಿಯೋ ಶುರು ಮಾಡಿದರೆ ಒಳಗೆ ಬಂದದ್ದು ಅದೇ ಸೀರೆ ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಇಂಥ ನಷ್ಟ ತುಂಬಿಕೊಡಿ ಎಂದು ಕೇಳಲು ಅಮೆಜಾನ್‌ನಲ್ಲಿ ಸೇಫ್-ಟಿ, ಫ್ಲಿಪ್‌ಕಾರ್ಟ್‌ನಲ್ಲಿ ಎಸ್‌ಪಿಎಫ್ (ಸೆಲ್ಲರ್ ಪ್ರೊಟೆಕ್ಷನ್ ಫಂಡ್) ಕ್ಲೈಮ್ ಹಾಕಬೇಕು. ಗಡುವು ಒಂದೊಂದು ಕಡೆ ಒಂದೊಂದು ಥರ, ಆಗಾಗ ಬದಲಾಗುತ್ತದೆ. ಆದ್ದರಿಂದ ಬಂದ ದಿನವೇ ಬಿಚ್ಚುವ ರೂಢಿ ಮಾಡಿಕೊಳ್ಳಿ.

‘ವಾಪಸ್ ಇಲ್ಲ’ ಎಂದು ಬರೆದುಬಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೋಷವಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನ ದಾಟಿ ತಲುಪಿದ್ದರೆ ಮಾರಾಟಗಾರ ಸರಕು ವಾಪಸ್ ಪಡೆಯಲೇಬೇಕು. ದೂರು ಬಂದ 48 ಗಂಟೆಯೊಳಗೆ ‘ತಲುಪಿದೆ’ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ತಪ್ಪು ನಮ್ಮದೇ ಆಗಿದ್ದರೆ ವಾದ ಬೇಡ, ದುಡ್ಡು ಹಿಂದಿರುಗಿಸಿ.

ರಿಟರ್ನ್‌ಗೆ ಕೊಟ್ಟ ಕಾರಣಗಳನ್ನು ತಿಂಗಳಿಗೊಮ್ಮೆ ಕೂತು ಓದಿ. ಇಳಕಲ್ ಸೀರೆಯಲ್ಲಿ ಒಡಲೂ ಸೆರಗೂ ಕೂಡುವ ಕಡೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೈಮಗ್ಗ ಗೊತ್ತಿಲ್ಲದವರಿಗೆ ಆ ಸಾಲು ಹರಿದು ಹೊಲಿದ ಹಾಗೆ ಕಾಣಬಹುದು. ನೇಕಾರ ಅಷ್ಟು ಕಷ್ಟಪಟ್ಟ ಜಾಗವೇ ‘ಡ್ಯಾಮೇಜ್’ ಅನ್ನಿಸಿಕೊಳ್ಳಬಾರದು. ಅದರ ಹತ್ತಿರದ ಫೋಟೋ ಒಂದನ್ನು, ‘ಇದು ನೇಯ್ಗೆಯ ಜೋಡಣೆ’ ಎಂಬ ಒಂದು ಸಾಲಿನೊಂದಿಗೆ ಲಿಸ್ಟಿಂಗ್‌ನಲ್ಲಿ ಹಾಕಿ. ಬ್ಲೌಸ್ ಪೀಸ್ ಉಂಟೋ ಇಲ್ಲವೋ, ಉದ್ದ ಎಷ್ಟು ಮೀಟರ್ ಎಂಬುದನ್ನೂ ಬರೆಯಿರಿ. ಬಣ್ಣದ ಫೋಟೋ ಹಗಲು ಬೆಳಕಿನಲ್ಲೇ ತೆಗೆಯಿರಿ.

ಇನ್ನು ಜಿಎಸ್‌ಟಿ. ವಾಪಸ್ ಬಂದ ಪ್ರತಿ ಬಿಲ್ಲಿಗೂ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಮಾಡಿ, ಆ ತಿಂಗಳ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿ ಫಾರ್ಮಿನಲ್ಲಿ, ತೋರಿಸಿ. ಮಾರಿದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ದಾಟಿದರೆ ಆ ತೆರಿಗೆ ಇಳಿಸಿಕೊಳ್ಳಲು ಬರುವುದಿಲ್ಲ. ವಾರ್ಷಿಕ ಜಿಎಸ್‌ಟಿ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಗಡುವು ಅಲ್ಲಿಗೇ ಮುಗಿಯಿತು. ಮಾರ್ಕೆಟ್‌ಪ್ಲೇಸ್ ನಿಮ್ಮ ಹಣದಲ್ಲಿ ಮೊದಲೇ ಕಡಿಯುವ ತೆರಿಗೆಯಾದ ಟಿಸಿಎಸ್, ವಾಪಸ್ ಬಂದ ಸರಕಿನ ಬೆಲೆ ಕಳೆದ ನಿವ್ವಳ ಮೊತ್ತದ ಮೇಲೆ, 2024ರ ಜುಲೈ 10ರಿಂದ ಶೇ 0.5. ಪ್ರತಿ ತಿಂಗಳೂ ಪೋರ್ಟಲ್‌ನ ಅಂಕಿಯನ್ನು ನಿಮ್ಮ ಲೆಕ್ಕದ ಜೊತೆ ತಾಳೆ ನೋಡಿ.